ಸಿದ್ದಾಪುರದ ಬಸ್ಸಿನ ಕಿಟಕಿಯ ಕೆಳಗೆ

ಹೋದ ಕಾರ್ತಿಕದ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತೆರಡು ನಿಮಿಷಕ್ಕೆ ನಾನು ಶಿರಸಿ ಬಸ್ ನಿಲ್ದಾಣದ ಮೂರನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ಎದುರಿಗೆ ಸಿದ್ದಾಪುರದ ಬಸ್ಸು. ಹಿಂದಿನ ಚಕ್ರಕ್ಕಿಂತ ಒಂದು ಕಿಟಕಿ ಮುಂದೆ ನನ್ನ ಹೆಂಡತಿ ಗಿರಿಜಾ ಕೂತಿದ್ದಳು. ತೊಡೆಯ ಮೇಲೆ ಬಟ್ಟೆಯ ಬ್ಯಾಗು. ಅವಳು ನನ್ನ ಕಡೆ ನೋಡುತ್ತಿರಲಿಲ್ಲ.

ಹೊತ್ತಿನ ವಿಷಯದಲ್ಲಿ ನಾನು ತಪ್ಪುವುದಿಲ್ಲ. ಮೂವತ್ತೊಂದು ವರ್ಷ ಶಿರಸಿ, ಸಿದ್ದಾಪುರ, ಯಲ್ಲಾಪುರದ ನಿಲ್ದಾಣಗಳಲ್ಲಿ ಕಂಟ್ರೋಲರ್ ಆಗಿದ್ದೆ. ಬಸ್ಸು ಬಂದ ಹೊತ್ತು, ಬಿಟ್ಟ ಹೊತ್ತು ಬರೆಯುವುದು, ಮೈಕಿನಲ್ಲಿ ಕೂಗುವುದು ನನ್ನ ಕೆಲಸ. ನಿವೃತ್ತನಾಗಿ ನಾಲ್ಕು ವರ್ಷವಾಗಿದೆ. ನನ್ನ ಮುಖ ಮರೆತವರಿಗೂ ದನಿ ನೆನಪಿದೆ.

ತೊಂದರೆ ಶುರುವಾದದ್ದು ಆ ಸೋಮವಾರಕ್ಕೆ ಹತ್ತು ತಿಂಗಳು ಮೊದಲು. ನನಗೆ ಆಗ ಅರವತ್ತಮೂರು, ಗಿರಿಜಾಳಿಗೆ ಐವತ್ತೆಂಟು. ಮಧ್ಯಾಹ್ನದ ಊಟ ಮುಗಿದ ಮೇಲೆ ಅವಳು ಕವಳ ಹಾಕಲು ಕೂರುತ್ತಾಳೆ. ಎಲೆ ಒರೆಸಿ, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚುತ್ತಾಳೆ. ಮಾಮೂಲು ದಿನ ತಟ್ಟೆಯನ್ನು ನನ್ನ ಕಡೆ ಸರಿಸುತ್ತಾಳೆ. ಕೆಲವು ದಿನ ಮಡಚಿದ ಎಲೆಯನ್ನು ತಾನೇ ನನ್ನ ಕೈಯಲ್ಲಿಡುತ್ತಾಳೆ. ಮೂವತ್ತಾರು ವರ್ಷದ ಸಂಸಾರದಲ್ಲಿ ಇದರ ಅರ್ಥವನ್ನು ನಾವು ಬಾಯಿಬಿಟ್ಟು ಆಡಿದ್ದಿಲ್ಲ. ಆಡುವ ಅಗತ್ಯವಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಕೈಯಲ್ಲಿಟ್ಟಳು. ನನ್ನ ದೇಹ ಸ್ಪಂದಿಸಲಿಲ್ಲ.

ದಣಿವು ಎಂದುಕೊಂಡೆ. ಮುಂದಿನ ವಾರವೂ ಹಾಗೇ ಆಯಿತು. ಅದರ ಮುಂದಿನ ವಾರವೂ. ನಾಲ್ಕನೆಯ ಸಲ ಅವಳು ಕೈ ಚಾಚಿದಾಗ, ಹಲ್ಲುನೋವು, ಕವಳ ಬೇಡ ಎಂದೆ.

ಹಲ್ಲು ಚೆನ್ನಾಗಿಯೇ ಇತ್ತು.

ಅದರ ಹಿಂದಿನ ವರ್ಷ ಗಿರಿಜಾಳಿಗೆ ಗರ್ಭಕೋಶದ ಆಪರೇಷನ್ ಆಗಿತ್ತು. ಅವಳು ಈ ಎರಡನ್ನೂ ಜೋಡಿಸಿಕೊಳ್ಳಬಹುದು ಎಂದು ನನಗೆ ಹೊಳೆಯಲೇ ಇಲ್ಲ. ನನ್ನ ಪೂರ್ತಿ ಗಮನ ನನ್ನ ನಾಚಿಕೆಯ ಮೇಲಿತ್ತು.

ಔಷಧದ ಅಂಗಡಿಗೆ ಹೋದೆ. ಮೆಲ್ಲಗೆ ಬಾಯಿ ತೆರೆದೆ. ಪಕ್ಕದಲ್ಲಿದ್ದವರು ತಿರುಗಿ, “ಓ, ಕಂಟ್ರೋಲರ್ ಸಾಹೇಬ್ರು! ಆರಾಮ್ರ್ಯಾ?” ಎಂದರು. ನೋವಿನ ಮುಲಾಮು ಕೊಂಡು ಬಂದೆ. ಹೀಗೆ ಮೂರು ಅಂಗಡಿ ಆಯಿತು. ಮನೆಯಲ್ಲಿ ಮೂರು ಮುಲಾಮು ಕೂಡಿದವು.

ಕೊನೆಗೆ ಪಿಂಚಣಿ ಕೆಲಸವೆಂದು ಮನೆಯಲ್ಲಿ ಹೇಳಿ ಯಲ್ಲಾಪುರದ ಬಸ್ಸು ಹತ್ತಿದೆ. ಇಂಥ ತೊಂದರೆ ನೋಡುವ ಡಾಕ್ಟರೊಬ್ಬರು ಅಲ್ಲಿದ್ದಾರೆಂದು ಪತ್ರಿಕೆಯಲ್ಲಿ ಓದಿದ್ದೆ. ಕಾಯುವ ಕೋಣೆಯಲ್ಲಿ ಒಂದು ಗಂಟೆ ಹತ್ತು ನಿಮಿಷ ಒಂದು ಮಾತೂ ಆಡಲಿಲ್ಲ. ಪಕ್ಕದ ಹೆಂಗಸು ನನ್ನನ್ನು ಮೂಗನೆಂದು ತಿಳಿದು ಕೈಸನ್ನೆಯಲ್ಲಿ ನೀರು ಬೇಕೇ ಎಂದು ಕೇಳಿದಳು. ನಾನೂ ಸನ್ನೆಯಲ್ಲೇ ಬೇಡ ಎಂದೆ.

ಡಾಕ್ಟರಿಗೆ ನಲವತ್ತರ ಆಸುಪಾಸು. “ಎಂತ ತೊಂದ್ರೆ?” ಎಂದರು. ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು.

“ನೀವು ಶಿರಸಿ ಬಸ್‌ಸ್ಟ್ಯಾಂಡಿನ ಮೈಕಿನವ್ರು ಅಲ್ದಾ?”

ನಾನು ಎದ್ದು ನಿಂತೆ.

“ಕೂತ್ಕೊಳ್ಳಿ ಮಾರಾಯ್ರೆ. ಹೆಗಡೆಕಟ್ಟಾದಿಂದ ಐದು ವರ್ಷ ಹೈಸ್ಕೂಲು, ಕಾಲೇಜಿಗೆ ಬಂದವ ನಾನು. ನೀವು ಕೂಗದೆ ನಾನು ಒಂದಿನವೂ ಮನೆ ಸೇರಿದ್ದಿಲ್ಲ. ಈಗ ನನ್ನ ಪಾಳಿ. ಹೇಳಿ.”

ಅವರು ಎಲ್ಲವನ್ನೂ ಕೇಳಿದರು. ನಿದ್ದೆ, ಬಾಯಾರಿಕೆ, ಎದೆನೋವು, ಈಗ ನುಂಗುವ ಮಾತ್ರೆಗಳು, ಕವಳಕ್ಕೆ ಹಾಕುವ ಹೊಗೆಸೊಪ್ಪು. ರಕ್ತ ಪರೀಕ್ಷೆ, ಇಸಿಜಿ ಮಾಡಿಸಿದರು. ಹೃದಯ ಸರಿಯಿತ್ತು. ಸಕ್ಕರೆ, ಊಟಕ್ಕೆ ಮುಂಚೆ, ಇನ್ನೂರ ಹನ್ನೆರಡು.

“ಇದು ರಕ್ತನಾಳದ ಕತೆ,” ಎಂದರು. “ಸಣ್ಣ ನಾಳ ಮೊದಲು ದೂರು ಹೇಳ್ತದೆ, ದೊಡ್ಡದು ಆಮೇಲೆ. ಎದೆ ಹೇಳೋ ಮೊದಲು ಇದು ಹೇಳ್ತಲ್ಲ, ಖುಷಿಪಡಿ.”

ಸಕ್ಕರೆಗೆ ಮಾತ್ರೆ ಶುರುವಾಯಿತು. ಹೊಗೆಸೊಪ್ಪು ಬಿಟ್ಟೆ. ಸಂಜೆ ನಡಿಗೆ. ಎರಡು ತಿಂಗಳ ನಂತರ ಇನ್ನೊಂದು ಮಾತ್ರೆ ಬರೆದುಕೊಟ್ಟರು. ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಹೊರಡುವಾಗ ಕೇಳಿದರು, “ಮನೆಯವ್ರಿಗೆ ಹೇಳಿದ್ರಾ?”

ಹೇಳಿದ್ದೇನೆ ಎಂದೆ. ಸುಳ್ಳು.

ಆ ಭಾನುವಾರ, ಊಟಕ್ಕೆ ಮುಂಚೆ, ಹನ್ನೆರಡು ಐದಕ್ಕೆ ಮಾತ್ರೆ ನುಂಗಿ ಪಡಸಾಲೆಯ ಕುರ್ಚಿಯಲ್ಲಿ ಕೂತೆ. ಗೋಡೆಯ ಗಡಿಯಾರ ನೋಡುತ್ತ ಕಾದೆ. ಜ್ವರದ ಮಾತ್ರೆ ನುಂಗಿದರೆ ಜ್ವರ ತಾನಾಗಿ ಇಳಿಯುವುದಿಲ್ಲವೇ? ಹಾಗೆಂದುಕೊಂಡಿದ್ದೆ. ಒಂದು ಐದಾಯಿತು. ಏನೂ ಇಲ್ಲ. ಗಿರಿಜಾ ಒಳಗಿನಿಂದ ಎರಡು ಸಲ ಊಟಕ್ಕೆ ಕರೆದಳು. ಎರಡು ಸಲವೂ ತಡಿ ಎಂದೆ. ಎರಡನೆಯ ಸಲ ಸ್ವಲ್ಪ ಜೋರಾಗಿ.

ಮರುದಿನ ಬೆಳಿಗ್ಗೆ ಅವಳು ಬ್ಯಾಗು ತುಂಬಿದಳು.

“ಸಿದ್ದಾಪುರಕ್ಕ ಹೊಂಟೇನ್ರಿ. ಅಕ್ಕನ ಮನೀಗೆ.”

“ಎಷ್ಟ್ ದಿನ?”

“ಇರೋವಷ್ಟು ದಿನ.” ಬ್ಯಾಗಿನ ಜಿಪ್ ಎಳೆದಳು. “ಆಪರೇಷನ್ ಆದ ಮ್ಯಾಲೆ ನಾ ನಿಮಗ ಹೆಣ್ಣಾಗಿ ಉಳದಿಲ್ಲ. ಅಷ್ಟು ನನಗ ತಿಳೀತೈತಿ. ಪಾಪ, ಹಲ್ಲಿನ ಮ್ಯಾಲೆ ಯಾಕ ಹಾಕ್ತೀರಿ?”

ಅವಳು ಬಾಗಿಲು ದಾಟಿ ಹೋದಳು. ಅವಳ ಮಾತು ನನ್ನ ತಲೆಗೆ ಹೋಗುವಷ್ಟರಲ್ಲಿ ಓಣಿಯನ್ನೂ ದಾಟಿದ್ದಳು. ಹತ್ತು ತಿಂಗಳು ನಾನು ಕಾಪಾಡಿಕೊಂಡ ಗುಟ್ಟಿನ ಬೆಲೆಯನ್ನು ಅವಳು ತೆತ್ತಿದ್ದಳು. ಚಪ್ಪಲಿ ಮೆಟ್ಟಿ ಓಡಿದೆ. ಅರವತ್ತಮೂರರ ಓಟ.

ಹೀಗೆ ಮೂರನೇ ಪ್ಲಾಟ್‌ಫಾರ್ಮಿಗೆ ಬಂದು ಮುಟ್ಟಿದೆ. ಎಂಜಿನ್ ಚಾಲೂ ಇತ್ತು. ಕಿಟಕಿಯ ಸರಳು ಹಿಡಿದು ತಗ್ಗಿದ ದನಿಯಲ್ಲಿ ಹೇಳಿದೆ.

“ಏನ್ರಿ? ಕೇಳ್ಸವಲ್ತು,” ಎಂದಳು.

ಮತ್ತೆ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. ಆಗ ಮೂವತ್ತೊಂದು ವರ್ಷದ ರೂಢಿ ನನ್ನನ್ನು ಕೇಳದೆ ಎದ್ದು ಬಂತು. ಹೊಟ್ಟೆಯಿಂದ ಉಸಿರೆಳೆದು, ಎಂಜಿನ್ನಿನ ಸದ್ದನ್ನು ಮೀರಿಸುವಂತೆ ಕೂಗಿದೆ. ಕಂಡಕ್ಟರ್ ಇನ್ನೂ ಬಂದಿಲ್ಲವೆಂದು ಚಾಲಕ ಅದೇ ಗಳಿಗೆಗೆ ಎಂಜಿನ್ ಬಂದ್ ಮಾಡಿದ.

“ತಪ್ಪು ನಿಂದಲ್ಲ ಗಿರಿಜಾ! ನನಗಽ ಗಂಡಸ್ತನದ ತೊಂದ್ರಿ ಆಗೇತಿ! ಯಲ್ಲಾಪುರದಾಗ ಔಷಧ ತಗೊಳ್ಳಾಕ್ಹತ್ತೇನಿ!”

ನಿಲ್ದಾಣದ ತಲೆಗಳೆಲ್ಲ ನನ್ನ ಕಡೆ ತಿರುಗಿದವು, ಮೈಕಿನ ದಿನಗಳಲ್ಲೂ ಅಷ್ಟು ತಿರುಗಿದ್ದಿಲ್ಲ.

ಗಿರಿಜಾಳ ಹಿಂದಿನ ಸೀಟಿನಿಂದ ಒಬ್ಬ ಮುದುಕಿ ಮೊದಲು ಮಾತಾಡಿದಳು. “ಇಳಿಯೇ ತಂಗಿ, ಎಂತಕ್ಕೆ ಕೂತಿದ್ದೆ ಇನ್ನೂ? ಒಂದು ಗಂಟೆಗೆ ಇನ್ನೊಂದು ಬಸ್ ಇದ್ಯಲ್ಲೇ.”

“ಒಂದಕ್ಕಲ್ಲ, ಹನ್ನೆರಡು ಐವತ್ತಕ್ಕೆ,” ಎಂದೆ. ಬಾಯಿ ತಾನಾಗಿ ಹೇಳಿತು.

ಮೊದಲು ನಕ್ಕದ್ದು ಗಿರಿಜಾ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆಗಲಿಲ್ಲ. ಕಣ್ಣಲ್ಲಿ ನೀರು ಬಂತು. ಆಮೇಲೆ ಬಸ್ಸಿಗೆ ಬಸ್ಸೇ ನಕ್ಕಿತು. ಅದರಲ್ಲಿ ಕುಹಕವಿರಲಿಲ್ಲ, ಇದನ್ನು ನಾನು ಎಚ್ಚರಿಕೆಯಿಂದ ನೆನಪಿಸಿಕೊಂಡೇ ಬರೆಯುತ್ತಿದ್ದೇನೆ. ಅವಳು ಇಳಿದಳು. ಬ್ಯಾಗನ್ನು ನನ್ನ ಕೈಗೆ ಕೊಟ್ಟಳು.

ದಾರಿಯಲ್ಲಿ ಕೇಳಿದಳು, “ನಿನ್ನೆ ಗಡಿಯಾರ ನೋಡ್ಕೋತ ಕುರ್ಚಿ ಮ್ಯಾಲೆ ಕುಂತಿದ್ರಲ್ಲ, ಅದೇನು?”

ಹೇಳಿದೆ. ಅವಳು ಒಂದು ಮನೆಯ ಕಾಂಪೌಂಡ್ ಹಿಡಿದುಕೊಂಡು ನಿಂತು ನಕ್ಕಳು.

ಮುಂದಿನ ಸಲ ಯಲ್ಲಾಪುರಕ್ಕೆ ಇಬ್ಬರೂ ಹೋದೆವು. ಡಾಕ್ಟರು ಕುರ್ಚಿಯ ಸಂಗತಿ ಕೇಳಿ ಪೆನ್ನು ಕೆಳಗಿಟ್ಟರು. “ಈ ಮಾತ್ರೆ ದಾರಿ ಬಿಡಿಸಿ ಕೊಡ್ತದೆ ಅಷ್ಟೇ. ಹೊರಡಬೇಕಾದವ್ರು ನೀವಿಬ್ರು. ಒಬ್ರೇ ಕೂತು ಕಾದ್ರೆ ಎಂತ ಬರ್ತದೆ?” ಗಿರಿಜಾ ನೆಲ ನೋಡಿದಳು. ಆದರೆ ಆಪರೇಷನ್ ಆದಮೇಲೆ ತನಗಾಗುತ್ತಿದ್ದ ನೋವನ್ನು ಅವತ್ತು ಅವಳೂ ಹೇಳಿದಳು. ನನಗದು ಗೊತ್ತೇ ಇರಲಿಲ್ಲ. ಅವಳಿಗೂ ಔಷಧ ಸಿಕ್ಕಿತು.

ಈಗ ಏಳು ತಿಂಗಳಾಗಿದೆ. ಸಕ್ಕರೆ ನೂರ ಮೂವತ್ತರ ಒಳಗಿದೆ. ಮಾತ್ರೆ ಕೆಲವು ದಿನ ಕೆಲಸ ಮಾಡುತ್ತದೆ, ಕೆಲವು ದಿನ ಇಲ್ಲ. ಇಲ್ಲದ ದಿನ ಪಕ್ಕದಲ್ಲಿ ಮಲಗಿ ಊರ ಸುದ್ದಿ ಆಡುತ್ತೇವೆ. ಹಿಂದಿನಂತೆ ಆಗಿದೆ ಎಂದು ಬರೆದರೆ ಸುಳ್ಳಾದೀತು. ಹಿಂದೆ ನಾವು ಇಷ್ಟು ಮಾತಾಡುತ್ತಿರಲಿಲ್ಲ.

ಆ ದಿನ ಕಂಡು ಕೇಳಿದವರಲ್ಲಿ ನನಗೆ ಹೆಸರು ಗೊತ್ತಿರುವವರು ಮೂವರು. ಚಾಲಕ ನಾಗೇಶ, ಈಗಲೂ ಅದೇ ದಾರಿಯಲ್ಲಿದ್ದಾನೆ. ನನ್ನನ್ನು ಕಂಡರೆ ಒಮ್ಮೆ ಹಾರ್ನ್ ಹೊಡೆಯುತ್ತಾನೆ. ಹಿಂದಿನ ಸೀಟಿನ ಮಂಜಮ್ಮ, ಎಂಬತ್ತರ ಹತ್ತಿರ, ಗಟ್ಟಿಯಾಗಿದ್ದಾರೆ, ಸಂತೆಯಲ್ಲಿ ಸಿಕ್ಕಾಗ ನನ್ನನ್ನು ಬಿಟ್ಟು ಗಿರಿಜಾಳನ್ನೇ “ಹುಷಾರಾ?” ಎಂದು ಕೇಳುತ್ತಾರೆ. ಮತ್ತೆ ಗಿರಿಜಾ. ಗಂಟೆ ಒಂದು ನಲವತ್ತು. ಒಳಗೆ ಎಲೆ ಒರೆಸುತ್ತಿದ್ದಾಳೆ. ತಟ್ಟೆ ಸರಿಸಿದ ಸದ್ದು ಇನ್ನೂ ಕೇಳಿಲ್ಲ.