ಒನ್ಸ್ ಮೋರ್ ಬಾರದ ಮಧ್ಯಾಹ್ನ

ಯಮನಪ್ಪ ಕವಿಯೋ ನಟನೋ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅವನಿಗೇ ತಿಳಿಯದ್ದು ಪಕ್ಕದಲ್ಲಿ ಕೂತು ಹಾರ್ಮೋನಿಯಂ ಪೇಟಿ ಬಾರಿಸಿದ ನನಗೆ ಹೇಗೆ ತಿಳಿಯಬೇಕು? ನನ್ನ ಹೆಸರು ಮುರುಗೆಪ್ಪ, ಊರು ಸುಳ್ಳ. ಊರಿನ ಹೆಸರು ಹಾಗಿದ್ದರೂ ಹೇಳುವುದೆಲ್ಲ ಖರೆ.

ಯಮನಪ್ಪನ ಊರು ಅಮ್ಮಿನಬಾವಿ. ಅಪ್ಪ ಅರ್ಜುನಪ್ಪ ಹಲಗೆ ಬಾರಿಸುತ್ತಿದ್ದ, ಸುಗ್ಗಿಯಲ್ಲಿ ಕಂಡವರ ಹೊಲದಲ್ಲಿ ದುಡಿಯುತ್ತಿದ್ದ. ಅವ್ವ ಉಡಚವ್ವ ಬೀಸುವ ಕಲ್ಲಿನ ಮುಂದೆ ಕೂತರೆ ಓಣಿಯೇ ಸುಮ್ಮನಾಗಿ ಅವಳ ಹಾಡು ಕೇಳುತ್ತಿತ್ತಂತೆ. ಆ ಕೊರಳು ಮಗನಿಗೆ ಬಂತು. ಸಾಲಿ ನಾಲ್ಕನೆಯ ಇಯತ್ತೆಗೆ ಮುಗಿಯಿತು. ಮೀಸೆ ಮೂಡುವ ಮೊದಲೇ ನಮ್ಮ ನಾಟಕ ಕಂಪನಿ ಸೇರಿದ. ಒಡೆಯಬೇಕಾದ ವಯಸ್ಸಿನಲ್ಲಿ ದನಿ ಒಡೆಯಲಿಲ್ಲ. ಹಾಗಾಗಿ ಮಾಲಕರು ಅವನಿಗೆ ಸೀರೆ ಉಡಿಸಿದರು. ಮಗಳಾದ, ಸೊಸೆಯಾದ, ವಯಸ್ಸು ಏರಿದಂತೆ ತಾಯಿಯಾದ. ಬಿಡುವಿನಲ್ಲಿ ನಾಟಕಕ್ಕೆ ಪದ ಕಟ್ಟುತ್ತಿದ್ದ. ನಾನು ಪೇಟಿಯಲ್ಲಿ ಧಾಟಿ ಹಿಡಿಯುತ್ತಿದ್ದೆ, ಅವನು ಮಾತು ಕೂಡಿಸುತ್ತಿದ್ದ.

ಸಾವಿರದೊಂಬೈನೂರ ಐವತ್ತೇಳರಲ್ಲಿ ಕಂಪನಿ ಗದಗಿನಲ್ಲಿದ್ದಾಗ ಉಡಚವ್ವನಿಗೆ ಜೀವ ಹೋಗುವಂತಾಗಿದೆ ಎಂದು ಅಮ್ಮಿನಬಾವಿಯಿಂದ ಆಳು ಬಂದ. ಅಂದು ಆಟಕ್ಕೆ ಜನ ತುಂಬಿದ್ದರು. ಆಟ ಮುಗಿಸಿಯೇ ಹೋಗುತ್ತೇನೆಂದು ಯಮನಪ್ಪ ತಾನೇ ಅಂದ. ಆಟ ಮುಗಿಸಿ, ಬಣ್ಣ ತೊಳೆದು, ಸಿಕ್ಕ ಲಾರಿ ಹತ್ತಿ ಹೋದ. ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದವರು ಕಾಲು ತೊಳೆಯುತ್ತಿದ್ದರು. "ದೀಪಾ ಸಣ್ಣ ಮಾಡಾಕ ಬಿಡಲಿಲ್ಲೋ ಅವ್ವ, ನೀ ಬರ್ತೀ ಅಂತ" ಎಂದಳು ಅವನ ಅಕ್ಕ. ಆ ಮಾತೇ ಅವನಲ್ಲಿ ಪದವಾಯಿತು:

ದೀಪ ಸಣ್ಣ ಮಾಡಬ್ಯಾಡ್ರೆ, ಮಗ ಬರೂ ಹೊತ್ತಾತು
ಬಾಗಿಲ ಮುಚ್ಚಬ್ಯಾಡ್ರೆ, ಎತ್ತಿನ ಗೆಜ್ಜಿ ಕೇಳತೈತಿ

ಮುಂದಿನ ವರ್ಷ ಹುಬ್ಬಳ್ಳಿಯಲ್ಲಿ ಹೂಡಿದ ಹೊಸ ನಾಟಕದ ಕೊನೆಗೆ ಆ ಪದ ಸೇರಿತು. ತಾಯಿ ಹಾಡುತ್ತಾಳೆ, ಮಗ ಓಡಿ ಬರುತ್ತಾನೆ, ಅವನ ತೊಡೆಯ ಮೇಲೆ ತಾಯಿ ಸಾಯುತ್ತಾಳೆ. ತಾಯಿ ಯಮನಪ್ಪ.

ಕಂಪನಿ ನಾಟಕ ನೋಡದವರಿಗೆ ಇಲ್ಲೊಂದು ಮಾತು ಹೇಳಬೇಕು. ಹಾಡು ಹಿಡಿಸಿದರೆ ಜನ "ಒನ್ಸ್ ಮೋರ್!" ಎಂದು ಕೂಗುತ್ತಿದ್ದರು. ಕೂಗಿದ ಮೇಲೆ ಹಾಡಲೇಬೇಕು. ಸತ್ತ ತಾಯಿ ಎದ್ದು ಕೂತು ಸೆರಗು ಸರಿಮಾಡಿಕೊಳ್ಳಬೇಕು. ಅಳುತ್ತಿದ್ದ ಮಗ ಕಣ್ಣೊರೆಸಿಕೊಂಡು ರಂಗದ ಪಕ್ಕದ ವಿಂಗಿನೊಳಗೆ ಹೋಗಿ ಮತ್ತೆ ಓಡಿ ಬರಬೇಕು. ಉಮೇದು ಹೆಚ್ಚಿದ ದಿನ ಉಡಚವ್ವನ ಮಗ ಯಮನಪ್ಪ ಮೂರು ಮೂರು ಸಲ ಸಾಯುತ್ತಿದ್ದ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

"ಮಾಸ್ತರ, ಖರೇ ಹೇಳ್ರಿ. ಅವರಿಗೆ ಪದಾ ಬೇಕಾಗೈತೋ, ಸೀರಿ ಉಟ್ಟ ಗಂಡಸು ಸಾಯೂದು ಬೇಕಾಗೈತೋ?" ಎಂದು ಬಣ್ಣ ಒರೆಸುತ್ತ ಕೇಳುತ್ತಿದ್ದ.

"ಎರಡೂ ಬೇಕಾಗಿರಬೇಕು. ಸುಮ್ಮನ ಚಾ ಕುಡಿ" ಎನ್ನುತ್ತಿದ್ದೆ. ಅವನು ಸುಮ್ಮನೆ ಕುಡಿಯುವ ಪೈಕಿಯಲ್ಲ. ಒಮ್ಮೆ ಧಾರವಾಡದ ಆಕಾಶವಾಣಿಯವರು ಒಂದು ನಾಟಕಕ್ಕೆ ಕರೆದಿದ್ದರು. ಹೋಗಿ ಬಂದು, "ಅಲ್ಲಿ ಚಪ್ಪಾಳಿ ತಟ್ಟಾಕ ಒಂದು ನೊಣಾ ಸೈತ ಇರಲಿಲ್ರಿ. ಛಲೋ ಆತೋ ಕೆಟ್ಟಾತೋ ತಿಳೀಲೇ ಇಲ್ಲ" ಎಂದು ವಾರಗಟ್ಟಲೆ ತಲೆ ತಿಂದ.

ಮುಳ್ಳು ಇದ್ದದ್ದು ಪದದ ಪುಸ್ತಕದಲ್ಲಿ. ನಾಟಕದ ಹಾಡುಗಳನ್ನು ತೆಳ್ಳಗಿನ ಪುಸ್ತಕ ಮಾಡಿಸಿ ಬಾಗಿಲಲ್ಲಿ ಮಾರುತ್ತಿದ್ದರು. ಮೇಲೆ ಕಂಪನಿಯ ಹೆಸರು, ಕೆಳಗೆ ಮಾಲಕ ನೀಲಕಂಠಪ್ಪನವರ ಹೆಸರು. ಕಟ್ಟಿದವನ ಹೆಸರಿಲ್ಲ. ಬೇರೆ ಪದಗಳ ಬಗ್ಗೆ ಯಮನಪ್ಪ ಚಕಾರ ಎತ್ತಿದವನಲ್ಲ. ಇದು ಅವ್ವನ ಪದ. ಇದರ ಕೆಳಗೆ ಅವಳ ಮಗನ ಹೆಸರು ಬೇಕು ಎಂದು ಹಟ ಹಿಡಿದ.

ನೀಲಕಂಠಪ್ಪನವರು ಹತ್ತಿ ಅಡತಿ ವ್ಯಾಪಾರ ಬಿಟ್ಟು ನಾಟಕಕ್ಕೆ ಬಂದವರು, ಕೆಟ್ಟವರಲ್ಲ. ಆದರೆ ಹತ್ತಿಯಲ್ಲಿ ಕಸ ಹುಡುಕುವ ಚಾಳಿ ಹೋಗಿರಲಿಲ್ಲ.

"ಒನ್ಸ್ ಮೋರ್ ನಿನ್ನ ದನಿಗೆ ಬರ್ತೈತಿ, ಪದಕ್ಕಲ್ಲ" ಎಂದರು. ಆಮೇಲೆ ಕಣ್ಣು ತಪ್ಪಿಸಿ, "ಮತ್ತ, ಹೆಸರ ಹಾಕಿದ್ರ ಊರ ಕೇಳತಾರ. ಊರ ಹೇಳಿದ್ರ ಓಣಿ ಕೇಳತಾರ. ಯಾಕ ಬೇಕು?"

ಯಮನಪ್ಪ ಹೊರಗೆ ಬಂದು ಕಂಬಕ್ಕೆ ಆತು ನಿಂತ. "ಪದಾ ಕೆಟ್ಟೈತಿ ಅಂದ್ರೋ, ಓಣಿ ಕೆಟ್ಟೈತಿ ಅಂದ್ರೋ?" ಎಂದ. ನನಗೆ ಮೈ ಉರಿಯಿತು.

ಆಗಲೇ ಕಂಪನಿಗೆ ತಾರಾಬಾಯಿ ಬಂದರು. ಖರೆಯ ಹೆಣ್ಣುಮಗಳು, ಹಾಡೂ ಬಲ್ಲವರು. ಸೀರೆ ಉಟ್ಟ ಗಂಡಸರ ಕಾಲ ಮುಗಿಯುತ್ತ ಬಂದಿತ್ತು. ಮಾಲಕರು ಯಮನಪ್ಪನನ್ನು ಕರೆದು ಪಂಥ ಒಡ್ಡಿದರು. "ರವಿವಾರ ಮಧ್ಯಾಹ್ನದ ಆಟದಾಗ ತಾಯಿ ಪಾರ್ಟು ತಾರಾಬಾಯಿ ಮಾಡ್ಲಿ. ಒನ್ಸ್ ಮೋರ್ ಬಂದ್ರ ಪದಾ ಛಲೋ ಐತಿ ಅಂತ ತಿಳೀತೇನಿ. ನಿನ್ನ ಹೆಸರ ಹಾಕಸ್ತೇನಿ, ಪಾರ್ಟು ಆಕೀಗೆ. ಬರಲಿಲ್ಲಂದ್ರ ಪಾರ್ಟು ನಿಂದು, ಹೆಸರಿನ ಮಾತ ಬಿಡು."

ಅತ್ತ ದರಿ, ಇತ್ತ ಪುಲಿ. ಕವಿ ಗೆದ್ದರೆ ನಟ ಮನೆಗೆ, ನಟ ಉಳಿದರೆ ಕವಿ ಮಣ್ಣಿಗೆ. ಬುದ್ಧಿ ಇದ್ದವನು ಬೇಡ ಅನ್ನುತ್ತಿದ್ದ. ಇವನು ಹೂಂ ಅಂದ. ಅಷ್ಟೇ ಅಲ್ಲ, ಎಲ್ಲಿ ಉಸಿರು ಎಳೆಯಬೇಕು, ಎಲ್ಲಿ ದೀಪದ ಕಡೆ ನೋಡಬೇಕು ಎಂದು ಕೂತು ತಾರಾಬಾಯಿಗೆ ಕಲಿಸಿದ. ಕಲಿಸುತ್ತ ಒಮ್ಮೆ ಸಂತೋಷ, ಒಮ್ಮೆ ಹೊಟ್ಟೆಕಿಚ್ಚು. ಅವನ ಮುಖ ನೋಡಿ ನನಗೇ ತಲೆ ತಿರುಗುತ್ತಿತ್ತು.

ರವಿವಾರ ಬಂತು. ರಾಯಾಪುರದ ಕಡೆಯಿಂದ ಚಕ್ಕಡಿಗಳಲ್ಲಿ ಹೆಣ್ಣುಮಕ್ಕಳು ಬಂದಿದ್ದರು. ನೆಲದ ಕ್ಲಾಸಿನಲ್ಲಿ ಹತ್ತಿ ಪೇಟೆಯ ಹಮಾಲರು ತುಂಬಿದ್ದರು; ಒನ್ಸ್ ಮೋರ್ ಕೂಗುವವರು ಅವರೇ. ಯಮನಪ್ಪ ಆಟದ ಹೊತ್ತಿನಲ್ಲಿ ಮೊದಲ ಸಲ ಧೋತರ ಉಟ್ಟು ವಿಂಗಿನಲ್ಲಿ ನಿಂತಿದ್ದ.

ತಾರಾಬಾಯಿ ಹಾಡಿದರು. ಮಗ ಓಡಿ ಬಂದ. ತಾಯಿ ಅವನ ಮುಖ ಸವರಿ, ಕೈ ಕೆಳಗೆ ಬಿಟ್ಟರು. ರೂಢಿಯಂತೆ ನಾನು ಮೊದಲ ಸ್ವರದ ಮೇಲೆ ಬೆರಳಿಟ್ಟು ಕೂತೆ.

ಯಾರೂ ಕೂಗಲಿಲ್ಲ. ಚಪ್ಪಾಳೆಯೂ ಇಲ್ಲ. ಅಷ್ಟೊಂದು ಮಂದಿ ಉಸಿರು ಬಿಗಿಹಿಡಿದು ಕೂತಿದ್ದರು. ನಾನು ವಿಂಗಿನ ಕಡೆ ನೋಡಿದೆ. ಪಾರ್ಟು ಉಳಿಯಿತೆಂದು ಯಮನಪ್ಪನ ಮುಖ ಅರಳಿತು. ಅದೇ ಗಳಿಗೆಯಲ್ಲಿ ಪದ ಬಿತ್ತೆಂದು ಬಾಡಿತು. ಎರಡನ್ನೂ ಒಂದೇ ಮುಖದಲ್ಲಿ ನಾನು ಮತ್ತೆಲ್ಲೂ ಕಂಡಿಲ್ಲ. ಇದ್ದಕ್ಕಿದ್ದಂತೆ ಆ ಪುಣ್ಯಾತ್ಮ ತಾನೇ ಕೂಗಿಬಿಟ್ಟ:

"ಒನ್ಸ್ ಮೋರ್!"

ನನ್ನ ಬೆರಳು ಸ್ವರ ಒತ್ತಿಬಿಟ್ಟಿತು. ಪೇಟಿ ಉಸಿರೆಳೆಯುವುದರೊಳಗೆ ನೆಲದ ಕ್ಲಾಸಿನಿಂದ ಒಬ್ಬ ಹಮಾಲ ಎದ್ದು ನಿಂತ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಯಾವನಲೇ ಅಂವಾ! ಸತ್ತ ತಾಯೀನ ಎಷ್ಟ ಸಲ ಎಬ್ಬಸ್ತೀರಲೇ? ಮಲಗಲಿ ಬಿಡ್ರೋ ಆಕೀನ!"

ಹೆಣ್ಣುಮಕ್ಕಳ ಕಡೆಯಿಂದ ಅಳುವ ದನಿ ಎದ್ದಿತು. ಪರದೆ ಬಿತ್ತು. ನಾನು ಪೇಟಿ ಮುಚ್ಚಿದೆ.

ಒಳಗೆ ಯಮನಪ್ಪ ಟ್ರಂಕಿನ ಮೇಲೆ ಕೂತಿದ್ದ. "ಅಂವಾ ನನಗ ಬೈದ್ನೋ, ಹೊಗಳಿದ್ನೋ?" ಎಂದ.

"ನೀ ಯಾಕ ಕೂಗಿದಿ, ಮೊದಲ ಅದನ್ನ ಹೇಳು!" ಎಂದು ಗದರಿದೆ.

"ಗೊತ್ತಿಲ್ರಿ ಮಾಸ್ತರ. ಹೆಸರಿಗಾಗಿ ಕೂಗಿದ್ನೋ, ಆಕಿ ಇನ್ನೊಮ್ಮೆ ಏಳ್ಲಿ ಅಂತ ಕೂಗಿದ್ನೋ." ಆಕಿ ಎಂದರೆ ತಾರಾಬಾಯಿಯೋ ಉಡಚವ್ವನೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮರುದಿನ ನೀಲಕಂಠಪ್ಪನವರು ಮಾತಿನಂತೆ ತಾಯಿಯ ಸೀರೆಯನ್ನು ಅವನಿಗೆ ಮರಳಿ ಕಳಿಸಿದರು. ಪಂಥದ ಪ್ರಕಾರ ಪಾರ್ಟು ಅವನದು. ಯಮನಪ್ಪ ಸೀರೆಯನ್ನು ಮಡಿಚಿಕೊಂಡು ಹೋಗಿ ಅವರ ಮುಂದಿಟ್ಟ.

"ತಾರಾಬಾಯಿನ ಮಾಡ್ಲಿರಿ. ಅವರಾದ್ರ ಒಂದ ಸಲಾ ಸಾಯ್ತಾರ."

"ಗೆದ್ದ ಪಾರ್ಟು ಬಿಡತೀಯೇನು? ಹೆಸರಂತೂ ಹಾಕಸಂಗಿಲ್ಲ ನೋಡು."

"ಹೂಂ ರಿ. ನನಗ ಮಗನ ಪಾರ್ಟು ಕೊಡ್ರಿ."

ಮಗನ ಪಾರ್ಟಿನವನು ಹೇಗೂ ಬೇರೆ ಕಂಪನಿಗೆ ಹೊರಟಿದ್ದ. ಯಮನಪ್ಪ ಜೀವಮಾನದಲ್ಲಿ ಮೊದಲ ಸಲ ಮೀಸೆ ಬಿಟ್ಟ. ಅರವತ್ತರ ದಶಕದುದ್ದಕ್ಕೂ, ಸಿನಿಮಾದ ಹಾವಳಿಗೆ ಕಂಪನಿ ಮುಚ್ಚುವವರೆಗೂ, ಆ ನಾಟಕ ನಡೆಯಿತು. ಆ ಪದಕ್ಕೆ ಮತ್ತೆ ಯಾರೂ ಒನ್ಸ್ ಮೋರ್ ಕೂಗಲಿಲ್ಲ. ಪುಸ್ತಕದಲ್ಲಿ ಅವನ ಹೆಸರೂ ಬರಲಿಲ್ಲ. "ನಾ ಗೆದ್ನೋ ಸೋತ್ನೋ ಮಾಸ್ತರ?" ಎಂದು ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಚಾ ಕುಡಿಯುವಾಗಲೆಲ್ಲ ಕೇಳುತ್ತಿದ್ದ. ನಾನು ಬೈಯುತ್ತಿದ್ದೆ. ಬೈದು, ಮನೆಗೆ ಹೋಗಿ ಅದನ್ನೇ ಯೋಚಿಸುತ್ತಿದ್ದೆ.

ಒಂದು ಮಾತ್ರ ಕಣ್ಣಾರೆ ಕಂಡೆ. ತಾಯಿ ದೀಪದ ಸಾಲು ಮುಗಿಸಿ ಗೆಜ್ಜೆಯ ಸಾಲಿಗೆ ಬರುವಾಗ, ವಿಂಗಿನಲ್ಲಿ ನಿಂತ ಯಮನಪ್ಪ ನನ್ನ ಪೇಟಿಗಾಗಿ ಕಾಯುತ್ತಿರಲಿಲ್ಲ. ಅರ್ಧ ಸಾಲಿಗೇ ಓಡಿಬಿಡುತ್ತಿದ್ದ. ತಾಳ ತಪ್ಪುತ್ತದೆ ಎಂದು ನಾನು ಎಷ್ಟು ಬೈದರೂ ತಿದ್ದಿಕೊಳ್ಳಲಿಲ್ಲ. ಒಂದು ಆಟದಲ್ಲೂ ಅವನು ತಾಯಿಯ ಬಳಿಗೆ ತಡವಾಗಿ ಬರಲಿಲ್ಲ.