ಘತ್ತರಗಿಯ ದಂಡೆಯಿಂದ ಹಿಂದಕ್ಕೆ

ನಾನಾಗ ಆಳಂದದಲ್ಲಿ ಸಾಲಿ ಮಾಸ್ತರ. ಬೇಸಿಗೆ ರಜೆ ಮುಗಿಯಲು ಐದು ದಿನ ಉಳಿದಿದ್ದಾಗ ನಾವು ಮೂವರು ಸೈಕಲ್ ಹತ್ತಿ ಅಫಜಲಪುರ, ಜೇವರ್ಗಿ ಕಡೆ ತಿರುಗಾಡಲು ಹೊರಟೆವು. ಜೊತೆಗಿದ್ದವರು ಅರಿವೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ನನ್ನ ಬಾಲ್ಯದ ಗೆಳೆಯ, ಮತ್ತು ನಮಗೆ ಸೈಕಲ್ ಕೊಟ್ಟ ಬಾಡಿಗೆ ಸೈಕಲ್ ಅಂಗಡಿಯ ಚಾಚಾ. ಜೇವರ್ಗಿಗೇ ಹೋಗಬೇಕೆಂದು ಹಟ ಹಿಡಿದವನು ಗೆಳೆಯ.

ಮೊದಲ ದಿನ ಅಫಜಲಪುರದಲ್ಲಿ ಉಳಿದೆವು. ಮರುದಿನ ಬೆಳಗಾಗುವಷ್ಟರಲ್ಲಿ ಗಾಳಿ ಎದ್ದಿತ್ತು. ಘತ್ತರಗಿಯ ದಾರಿಯಲ್ಲಿ ಅದು ಬಲಗಡೆಯಿಂದ ಹೊಡೆದು ಸೈಕಲ್ಲುಗಳನ್ನು ಹೊಲದೊಳಕ್ಕೆ ನೂಕುತ್ತಿತ್ತು. ಬಾಯಿ ತೆರೆದರೆ ಮಣ್ಣು. ಮೂರು ಸಲ ಬಿದ್ದ ಮೇಲೆ ಒಂದು ಬೇವಿನ ಮರದ ಮರೆಯಲ್ಲಿ ಕುಳಿತು ರೊಟ್ಟಿ ಬಿಚ್ಚಿದೆವು. ಗೆಳೆಯನ ಚೀಲದಲ್ಲಿ ಹೊಸ ಸೀರೆಯೊಂದು ಕಾಣಿಸಿತು.

“ಯಾರಿಗಪಾ ಇದು?” ಎಂದರು ಚಾಚಾ.

“ನಮ್ಮಾಕಿಗಿ. ಜೇವರ್ಗ್ಯಾಗ ತವರಮನ್ಯಾಗ ಅದಾಳ್ರಿ. ಒಬ್ಬನ ಹೋಗಾಕ ಧೈರ್ಯ ಸಾಲಲಿಲ್ಲ. ಅದಕ್ಕ ನಿಮ್ಮನ್ನ ಕರಕೊಂಡ ಬಂದೀನಿ.”

ಅವನ ಹೆಂಡತಿ ಹೆರಿಗೆಗೆ ಹೋದದ್ದು, ಕೂಸು ಎಂಟು ದಿನಕ್ಕೆ ತೀರಿಕೊಂಡದ್ದು ನನಗೆ ಗೊತ್ತಿತ್ತು. ಸುದ್ದಿ ಬಂದಾಗ ಇವನು ಹೋಗಲಿಲ್ಲ. ಯಾಕೆಂದು ನಾನೂ ಕೇಳಿರಲಿಲ್ಲ. ಎರಡು ವರ್ಷವಾದರೂ ಆಕೆ ತಿರುಗಿ ಬಂದಿರಲಿಲ್ಲ.

ಘತ್ತರಗಿ ಮುಟ್ಟಿದಾಗ ಮಧ್ಯಾಹ್ನ. ಜೇವರ್ಗಿಗೆ ಹೋಗಲು ಇಲ್ಲಿ ದೋಣಿಯಲ್ಲಿ ಭೀಮೆಯನ್ನು ದಾಟಬೇಕು. ಹೊಳೆಗೆ ಹೊಸ ನೀರು ಬಂದಿತ್ತು. ದಂಡೆಯ ಮೇಲೆ ಭಾಗ್ಯವಂತಿಯ ಗುಡಿಗೆ ಬಂದ ಜನ ಮುಸುಕು ಹಾಕಿಕೊಂಡು ಕುಳಿತಿದ್ದರು. ಅಂಬಿಗ ದೋಣಿಯನ್ನು ದಡಕ್ಕೆ ಎಳೆದು ಕಟ್ಟಿಬಿಟ್ಟಿದ್ದ.

“ಇವತ್ತ ಆಗಂಗಿಲ್ರಿ. ಈ ಗಾಳ್ಯಾಗ ಬಿಟ್ರ ನಡು ಹೊಳ್ಯಾಗ ಮಗಚ್ತದ.”

“ನಾಳಿಗಿ?” ಎಂದರು ಚಾಚಾ.

“ಅದ ನನ್ನ ಕೈಯಾಗ ಇಲ್ರಿ.”

ಹೊತ್ತು ಇಳಿಯುವವರೆಗೂ ಕಾದೆವು. ಗಾಳಿ ಇಳಿಯಲಿಲ್ಲ. ಚಾಚಾ ಮೆಲ್ಲಗೆ ಹೇಳಿದರು, “ಇಲ್ಲೇ ಇದ್ದು ನಾಳಿ ನೋಡೂನು. ಇಷ್ಟು ದೂರ ಬಂದೀವಿ.”

“ಸೋಮವಾರ ಸಾಲಿ ಅದ ಚಾಚಾ,” ಎಂದೆ ನಾನು. ಒಂದು ದಿನ ನಿಂತರೂ ಸೋಮವಾರಕ್ಕೆ ಮುಟ್ಟಬಹುದಿತ್ತು. ನನಗೆ ಸಾಕಾಗಿತ್ತು, ಅಷ್ಟೆ. ಗೆಳೆಯ ಹೊಳೆಯನ್ನು ಒಮ್ಮೆ ನೋಡಿ ಎದ್ದ. “ನಡೀರಿ, ಹೋಗೂನು.”

ಹಿಂದಕ್ಕೆ ಹೊರಟಾಗ ಗಾಳಿ ದಿಕ್ಕು ಬದಲಿಸಿ ಎದುರಿಗೇ ಬಂತು. ಪೆಡಲು ತುಳಿದರೆ ಗಾಲಿ ತಿರುಗಲೊಲ್ಲದು. ಇಳಿದು ಸೈಕಲ್ ತಳ್ಳುತ್ತಾ ನಡೆದೆವು. ಗೆಳೆಯ ಎಲ್ಲರಿಗಿಂತ ಮುಂದಿದ್ದ, ಒಮ್ಮೆಯೂ ತಿರುಗಿ ನೋಡಲಿಲ್ಲ. ಚಾಚಾ ಅಫಜಲಪುರದವರೆಗೂ ನನ್ನಿಂದ ಹತ್ತು ಮಾರು ದೂರವೇ ನಡೆದರು.

ಮುಂದಿನ ವರ್ಷ ಆಕೆಯ ಮನೆಯವರು ಆಕೆಗೆ ಉಡಿಕೆ ಮಾಡಿ, ಬೇರೊಬ್ಬನಿಗೆ ಮದುವೆ ಮಾಡಿಕೊಟ್ಟ ಸುದ್ದಿ ಬಂತು. ನಾನು ಅರಿವೆ ಅಂಗಡಿಗೆ ಹೋಗಿ, ಅವತ್ತು ನಾನು ಅವಸರ ಮಾಡಬಾರದಿತ್ತು ಎಂದೆ.

“ನೀ ಏನ್ ಮಾಡ್ತಿ ಬಿಡೋ,” ಎಂದ ಅವನು. “ಅಂಬಿಗ ದೋಣಿ ಬಿಡಂಗಿಲ್ಲ ಅಂದ್ನಲ್ಲ, ಆಗ ನನಗ ಹಗುರ ಆಗಿತ್ತು. ಆಕಿ ಮುಂದ ನಿಂತು ಏನಂತ ಹೇಳ್ಬೇಕಿತ್ತು ನಾ?”

ಗಿರಾಕಿ ಬಂದರು. ಅವನು ಧೋತರ ತೋರಿಸಲು ಎದ್ದುಹೋದ. ಹೇಳಿದ್ದು ನಿಜವೋ, ನನ್ನ ಸಮಾಧಾನಕ್ಕೋ, ನನಗೆ ಇಂದಿಗೂ ತಿಳಿದಿಲ್ಲ. ಅವನು ಮತ್ತೆ ಮದುವೆಯಾಗಲಿಲ್ಲ.