ಮೇಷ್ಟ್ರ ಎಡಗಾಲು

ಕಾರು ಕಲಿಸುವ ಮೇಷ್ಟ್ರಿಗೆ ದೇವರು ಎರಡು ಕಾಲು ಕೊಟ್ಟಿದ್ದರೂ ಹೆಸರು ತಂದುಕೊಟ್ಟದ್ದು ಎಡಗಾಲೊಂದೇ. ಐವತ್ಮೂರು ತುಂಬುವವರೆಗೂ ಇದು ಅವರಿಗೇ ಗೊತ್ತಿರಲಿಲ್ಲ.

ಟೈರ್ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ, ಮೂರು ಕುರ್ಚಿ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಬಣ್ಣ ಮಾಸಿದ ಪಟ, ಕೆಳಗೆ ಒಂದು ಬಿಳಿ ಕಾರು. ಇಷ್ಟೇ ಅವರ ಡ್ರೈವಿಂಗ್ ಸ್ಕೂಲು. ಇಪ್ಪತ್ತೆರಡು ವರ್ಷಗಳಲ್ಲಿ ಊರಿನ ಅರ್ಧ ಜನಕ್ಕೆ ಅವರೇ ಸ್ಟೀರಿಂಗ್ ಹಿಡಿಸಿದ್ದರು. ಬೇರೆ ಸ್ಕೂಲುಗಳ ಗಾಡಿ ಸಿಗ್ನಲ್ ಬಿಟ್ಟ ಕೂಡಲೇ ಕಪ್ಪೆಯ ಹಾಗೆ ಎರಡು ಸಲ ಕುಪ್ಪಳಿಸಿ ಆಫ್ ಆಗಿ ನಿಲ್ಲುತ್ತಿದ್ದರೆ, ಮೇಷ್ಟ್ರ ಗಾಡಿ ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೊರಡುತ್ತಿತ್ತು. ಸ್ಟೀರಿಂಗ್ ಮುಂದೆ ಮೊದಲ ದಿನದ ವಿದ್ಯಾರ್ಥಿ ಕೂತಿದ್ದರೂ ಅಷ್ಟೇ. ಏನು ಗುಟ್ಟು ಎಂದು ಯಾರಾದರೂ ಕೇಳಿದರೆ, ನಾನು ಕ್ಲಚ್ ಮೆಲ್ಲಗೆ ಬಿಡಿ ಅನ್ನುತ್ತೇನೆ, ಅವರು ಮೆಲ್ಲಗೆ ಬಿಡುತ್ತಾರೆ, ಅದಕ್ಕಿಂತ ಹೆಚ್ಚೇನಿಲ್ಲ ಎಂದು ಮೀಸೆ ತಿರುವುತ್ತಿದ್ದರು.

ಕಲಿಸುವ ಕಾರಿನಲ್ಲಿ ಮೇಷ್ಟ್ರು ಕೂರುವ ಕಡೆಗೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತವೆ. ಆಪತ್ತಿಗೆಂದು ಇಟ್ಟವು. ಆದರೆ ಮೇಷ್ಟ್ರ ಎಡಗಾಲಿಗೆ ಆಪತ್ತು ಯಾವಾಗ, ಅಲ್ಲದ್ದು ಯಾವಾಗ ಎಂಬ ಭೇದ ಅಳಿದು ಎಷ್ಟೋ ಕಾಲವಾಗಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೂ ಅದು ನೆಲ ಒತ್ತುತ್ತಿತ್ತು. ಟಿವಿಯಲ್ಲಿ ಯಾರಾದರೂ ಕಾರು ಓಡಿಸಿದರೆ ಸೋಫಾದ ಕೆಳಗಿನ ಚಪ್ಪಲಿ ಒತ್ತುತ್ತಿತ್ತು. ಇದನ್ನು ಕಂಡು ನಗುತ್ತಿದ್ದವರು ಅವರ ಹೆಂಡತಿಯೊಬ್ಬರೇ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಗುರುತಿನವರ ಬಾಯಲ್ಲಿ ನರ್ಸಮ್ಮ. ಹದಿನಾಲ್ಕು ವರ್ಷದ ಹಿಂದೆ ಅವರೂ ಗಂಡನ ಹತ್ತಿರವೇ ಕಾರು ಕಲಿತಿದ್ದರು. ಪರೀಕ್ಷೆಯೂ ಅದೇ ಬಿಳಿ ಕಾರಿನಲ್ಲಿ, ಮೇಷ್ಟ್ರು ಪಕ್ಕದಲ್ಲೇ. ಲೈಸೆನ್ಸು ಸಲೀಸಾಗಿ ಕೈಗೆ ಬಂತು. ಅದರ ಮುಂದಿನ ಭಾನುವಾರ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮನೆಯ ಹಳೇ ಕಾರು ತೆಗೆದುಕೊಂಡು ಹೊರಟರು. ನಾಲ್ಕು ರಸ್ತೆ ಸೇರುವಲ್ಲಿ ಅದು ಐದು ಸಲ ಆಫ್ ಆಯಿತು. ಹಿಂದಿನವರೆಲ್ಲ ಹಾರ್ನ್ ಬಡಿದರು. ನರ್ಸಮ್ಮ ಇಳಿದು, ಸುತ್ತಿ ಬಂದು, ಗಂಡನ ಕೈಗೆ ಕೀ ಕೊಟ್ಟರು. ಆಮೇಲೆ ಲೈಸೆನ್ಸು ಬೀರು ಸೇರಿತು.

ಸ್ಕೂಲ್ ಗಾಡಿಯ ಪೆಡಲು ತಾನಾಗಿಯೇ ಕೆಳಗಿಳಿಯುತ್ತೆ, ಮನೆಯದು ಇಳಿಯುವುದಿಲ್ಲ ಎಂದು ಅವರು ಅಂದೇ ಹೇಳಿದ್ದರು. ಮೇಷ್ಟ್ರಿಗೆ ಗಾದೆ ನಾಲಿಗೆಯ ತುದಿಯಲ್ಲೇ ಇತ್ತು: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಡಿದರು. ನೆಂಟರೆದುರು ಇನ್ನೊಮ್ಮೆ ಆಡಿದರು. ಅಲ್ಲಿಂದೀಚೆಗೆ ಮನೆಗೆ ಯಾರು ಬಂದರೂ ಕಾಫಿಯ ಜೊತೆಗೆ ಆ ಗಾದೆಯೂ ಬರುತ್ತಿತ್ತು. ಪಾಪ, ಕೆಟ್ಟ ಮನಸ್ಸಿನಿಂದಲ್ಲ. ಒಮ್ಮೆ ಜನ ನಕ್ಕ ಮಾತನ್ನು ಬಿಟ್ಟುಕೊಡಲು ಯಾವ ಗಂಡಸಿಗೂ ಮನಸ್ಸು ಬರುವುದಿಲ್ಲ.

ಹೀಗಿರುವಾಗ ನರ್ಸಮ್ಮನಿಗೆ ಮೂರು ವರ್ಷದಿಂದ ಕೇಳುತ್ತಿದ್ದ ಕೆಲಸ ಸಿಕ್ಕಿತು. ಹಾಸಿಗೆ ಬಿಟ್ಟು ಏಳಲಾರದ ರೋಗಿಗಳ ಮನೆಗೇ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ. ಪಟ್ಟಿ ಕಟ್ಟುವುದರಲ್ಲಿ ಅವರದು ಎತ್ತಿದ ಕೈ. ಆಸ್ಪತ್ರೆ ಚಿಕ್ಕ ಕಾರು ಕೊಡುತ್ತದೆ, ಓಡಿಸುವುದು ಮಾತ್ರ ಅವರೇ. ಗಾಡಿಗಳ ಉಸ್ತುವಾರಿಯ ಹಿರಿಯರ ಮುಂದೆ ಒಮ್ಮೆ ಓಡಿಸಿ ತೋರಿಸಬೇಕು. ಆಗದಿದ್ದರೆ ಮತ್ತೆ ಈಗ ಕೂರುತ್ತಿರುವ, ರೋಗಿಗಳಿಗೆ ಚೀಟಿ ಕೊಡುವ ಕಿಟಕಿಯ ಹಿಂದಿನ ಸ್ಟೂಲು, ನಿವೃತ್ತಿಯವರೆಗೆ.

ಮೇಷ್ಟ್ರು ಎದೆ ತಟ್ಟಿಕೊಂಡು ಬಿಳಿ ಕಾರಿನಲ್ಲಿ ಎರಡು ವಾರ ಪಾಠ ಹೇಳಿದರು. ಗಾಡಿ ಒಂದು ಸಲವೂ ಆಫ್ ಆಗಲಿಲ್ಲ.

ಆಸ್ಪತ್ರೆಯಲ್ಲಿ ನೆಲಮಾಳಿಗೆಯಿಂದ ಗೇಟಿನವರೆಗೆ ಒಂದು ಏರು. ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಬೇಕು. ಪಕ್ಕದಲ್ಲಿ ಉಸ್ತುವಾರಿ ಹಿರಿಯರು. ನರ್ಸಮ್ಮ ಮೆಲ್ಲಗೆ ಬಿಟ್ಟರು, ಆಫ್. ಮತ್ತೆ ಬಿಟ್ಟರು, ಆಫ್. ನಾಲ್ಕನೆಯ ಸಲ ಗಾಡಿ ಹಿಂದಕ್ಕೆ ಜಾರಿತು. ಹಿರಿಯರು ಹ್ಯಾಂಡ್ ಬ್ರೇಕ್ ಎಳೆಯದಿದ್ದರೆ ಗೋಡೆಗೆ ತಾಗುತ್ತಿತ್ತು. ನರ್ಸಮ್ಮ ಯಾರ ಮುಖವನ್ನೂ ನೋಡದೆ ಇಳಿದು ಒಳಗೆ ಹೋದರು.

ಹಿರಿಯರು ಬೇಲಿಯ ಪಕ್ಕ ನಿಂತಿದ್ದ ಮೇಷ್ಟ್ರ ಬಳಿಗೆ ಬಂದರು. ಆಂಬುಲೆನ್ಸ್ ಓಡಿಸಿ ತಲೆ ನರೆಸಿಕೊಂಡ ಮನುಷ್ಯ. ಅವರ ಕಣ್ಣು ತಪ್ಪಿಸುವುದು ಕಷ್ಟ.

‘ಮೇಷ್ಟ್ರೇ, ಗಾಡಿ ಒಳಗಿದ್ದೋರು ಅವ್ರು. ನೀವ್ಯಾಕೆ ಇಲ್ಲಿ ನೆಲ ತುಳೀತಿದ್ರಿ?’

ಮೇಷ್ಟ್ರು ಬಗ್ಗಿ ನೋಡಿದರು. ಎಡಗಾಲಿನ ಕೆಳಗೆ ಜಲ್ಲಿ ಸರಿದು ಅಂಗೈಯಗಲದ ಗುಂಡಿ ಬಿದ್ದಿತ್ತು.

‘ನಿಮ್ ಹತ್ರ ಕಲಿತು ಬಂದೋರು ಎಲ್ಲಾ ಚೆನ್ನಾಗಿ ಮಾಡ್ತಾರೆ, ಹೊರಡೋದು ಒಂದು ಬಿಟ್ಟು. ಲೈಸೆನ್ಸು ಅವ್ರಿಗೆ ಕೊಡೋದಾ, ನಿಮ್ ಕಾಲಿಗೆ ಕೊಡೋದಾ?’ ಎಂದರು ಹಿರಿಯರು. ಮರ್ಯಾದೆಗೆಂದು ಹನ್ನೊಂದು ದಿನದ ಗಡುವು ಕೊಟ್ಟು, ಕೊನೆಯ ಅವಕಾಶ ಅದೊಂದೇ ಎಂದೂ ಹೇಳಿ ಹೋದರು.

ಮೇಷ್ಟ್ರು ಆ ಗುಂಡಿಯಿಂದ ಕಾಲನ್ನು ತೆಗೆದು ಪಕ್ಕಕ್ಕಿಟ್ಟರು. ಇಪ್ಪತ್ತೆರಡು ವರ್ಷ ಮೆಲ್ಲಗೆ ಬಿಡುತ್ತಿದ್ದವರು ವಿದ್ಯಾರ್ಥಿಗಳಲ್ಲ. ಅವರು ಒರಟಾಗಿ ಬಿಡುವ ಕ್ಷಣಕ್ಕೆ ಸರಿಯಾಗಿ ಈ ಕಾಲು ಪೆಡಲನ್ನು ಹಿಡಿದು ತಾನೇ ನಯವಾಗಿ ಬಿಡುತ್ತಿತ್ತು. ಎರಡು ಕಡೆಯ ಕ್ಲಚ್ಚಿಗೂ ಒಂದೇ ಕಡ್ಡಿ. ಇಲ್ಲಿ ಒತ್ತಿದರೆ ಅಲ್ಲೂ ಇಳಿಯುತ್ತದೆ. ನೆಲ ನಿಜಕ್ಕೂ ಡೊಂಕೇ ಆಗಿತ್ತು. ಡೊಂಕು ಮಾಡಿದವರು ಯಾರು ಎಂಬುದೂ ಈಗ ಸ್ಪಷ್ಟವಾಯಿತು. ಅವರಿಗೆ ನಾಚಿಕೆಯಾಯಿತು, ಆ ಗಾದೆಗೆ ನಕ್ಕ ಒಬ್ಬೊಬ್ಬ ನೆಂಟನ ಮುಖವೂ ನೆನಪಾಗುವಷ್ಟು.

ಸಂಜೆ ನರ್ಸಮ್ಮ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದರು. ಮೇಷ್ಟ್ರು ಬಾಗಿಲಲ್ಲೇ ನಿಂತು ಹೇಳಿದರು. ‘ತಪ್ಪು ನಿಂದಲ್ಲ ಕಣೇ. ನಿನಗೆ ನಾನು ಗಾಡಿ ಕಲಿಸೇ ಇಲ್ಲ. ಆವತ್ತೂ ಇಲ್ಲ, ಈಗ್ಲೂ ಇಲ್ಲ. ಕ್ಲಚ್ ನಾನೇ ಒತ್ತುತ್ತಿದ್ದೆ.’

ನರ್ಸಮ್ಮ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು.

‘ಹದಿನಾಲ್ಕು ವರ್ಷ ನಾನು ನನ್ ಕಾಲನ್ನೇ ಬೈಕೊಂಡೆ, ರೀ.’

ಅಷ್ಟು ಹೇಳಿ ಮತ್ತೆ ಇಸ್ತ್ರಿ ಹಿಡಿದರು. ಎರಡು ದಿನ ಮನೆಯಲ್ಲಿ ಉಪ್ಪು, ನೀರು, ಬಾಗಿಲು ಎಂಬಷ್ಟೇ ಮಾತು. ಮೇಷ್ಟ್ರು ಹೇಳದೆಯೇ ಪಾತ್ರೆ ತೊಳೆದರು. ತೊಳೆದ ಲೋಟಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅಡುಗೆಮನೆಯಲ್ಲಿ ಹಿಡಿದುಕೊಂಡು ನಿಂತರು. ಮೂರನೆಯ ಬೆಳಿಗ್ಗೆ ನರ್ಸಮ್ಮ ಮನೆಯ ಕಾರಿನ ಕೀ ಎತ್ತಿಕೊಂಡು, ಹೊರಡಿ, ಆದರೆ ಕಾಲು ಮೇಲಿಟ್ಟು ಕೂರಬೇಕು ಎಂದರು.

ಮರದ ಡಿಪೋದ ಹಿಂದಿನ ಬಯಲಿನಲ್ಲಿ ಮೇಷ್ಟ್ರು ಮುಂದಿನ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಅದರ ಮೇಲೆ ಬೆಲ್ಟನ್ನೂ ಹಾಕಿ ಕೂತರು. ಗೇರ್ ಹಾಕಿದಾಗಲೆಲ್ಲ ಮೊಣಕಾಲಿಗೆ ಒಂದು ಗುದ್ದು. ಗಾಡಿ ಮೊದಲ ದಿನವೇ ಹತ್ತೊಂಬತ್ತು ಸಲ ಆಫ್ ಆಯಿತು. ಪ್ರತಿ ಸಲವೂ ಮೇಷ್ಟ್ರು, ಮೆಲ್ಲಗೆ ಬಿಡು, ಎಂದರು.

‘ಮೆಲ್ಲಗೆ ಅಂದ್ರೆ ಎಷ್ಟು?’ ಎಂದು ಕೇಳಿದರು ನರ್ಸಮ್ಮ. ಔಷಧಿಯನ್ನು ಹನಿ ಲೆಕ್ಕದಲ್ಲಿ ಕೊಡುವ ಹೆಂಗಸು. ಮೆಲ್ಲಗೆ, ಸ್ವಲ್ಪ, ಹಾಗೇ ಸುಮ್ಮನೆ ಎಂಬ ಅಳತೆಗಳು ಅವರಿಗೆ ಹಿಡಿಸುವುದಿಲ್ಲ.

ಮೇಷ್ಟ್ರ ವಿದ್ಯೆಯೆಲ್ಲ ಕಾಲಿನಲ್ಲಿತ್ತು, ಬಾಯಿಗೆ ಎಂದೂ ಬಂದಿರಲಿಲ್ಲ. ಈವರೆಗೆ ಯಾರೂ ಕೇಳಿರಲಿಲ್ಲ, ಕೇಳುವ ಅಗತ್ಯವೇ ಬರದಂತೆ ಕಾಲು ನೋಡಿಕೊಂಡಿತ್ತು. ಕೊನೆಗೆ ಅವರೇ ಸ್ಟೀರಿಂಗ್ ಮುಂದೆ ಕೂತು, ಚಪ್ಪಲಿ ಕಳಚಿ, ಜೀವಮಾನದಲ್ಲಿ ಮೊದಲ ಸಲ ತಮ್ಮ ಕಾಲು ಏನು ಮಾಡುತ್ತದೆಂದು ಗಮನ ಕೊಟ್ಟು ನೋಡಿದರು. ಆಕ್ಸಿಲರೇಟರ್ ಮುಟ್ಟಲೇ ಇಲ್ಲ. ಕ್ಲಚ್ ಮೇಲೆ ಬರುತ್ತದೆ, ಏನೂ ಆಗುವುದಿಲ್ಲ. ಇನ್ನೂ ಬರುತ್ತದೆ, ಆಗಲೂ ಇಲ್ಲ. ಆಮೇಲೆ ಎಂಜಿನ್ನಿನ ಸದ್ದು ಒಂದಿಷ್ಟು ತಗ್ಗಿ, ಸೀಟಿನ ಕೆಳಗೆ ಸಣ್ಣ ನಡುಕ ಹುಟ್ಟುತ್ತದೆ. ಕಾಲು ಅಲ್ಲಿ ನಿಂತುಬಿಡುತ್ತದೆ. ಗಾಡಿ ಹೊರಟ ಮೇಲೆ ಮಿಕ್ಕದ್ದನ್ನು ಬಿಡುತ್ತದೆ. ಇದನ್ನು ಹೇಳಲು ಮೇಷ್ಟ್ರಿಗೆ ಅರ್ಧ ಗಂಟೆ ಹಿಡಿಯಿತು, ಬೆವರೂ ಬಂತು.

ನರ್ಸಮ್ಮ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟು ಆ ನಡುಕವನ್ನು ನಾಡಿ ಹಿಡಿದಂತೆ ಹಿಡಿದರು.

‘ಅಷ್ಟೇನಾ? ಗಾಯಕ್ಕೆ ಅಂಟಿದ ಪಟ್ಟಿ ಬಿಡಿಸೋದೂ ಹೀಗೇ. ಸಲೀಸಾಗಿ ಬರ್ತಾ ಇರತ್ತೆ, ಒಂದು ಕಡೆ ಹಿಡ್ಕೊಳ್ಳತ್ತೆ. ಅಲ್ಲಿ ಎಳೀಬಾರ್ದು. ಕೈ ನಿಲ್ಲಿಸಿ ಕಾಯ್ಬೇಕು. ಇದನ್ನ ಮೊದ್ಲೇ ಹೇಳೋಕೇನಾಗಿತ್ತು ನಿಮಗೆ?’

ಸ್ಥಳ ಬದಲಾಯಿಸಿಕೊಂಡರು. ಸದ್ದು ತಗ್ಗಿತು, ನಡುಕ ಬಂತು, ನರ್ಸಮ್ಮನ ಕಾಲು ನಿಂತಿತು. ಹಳೇ ಕಾರು ಬಯಲಿನ ಆ ತುದಿಯವರೆಗೆ ಇರುವೆಯ ನಡಿಗೆಯಲ್ಲಿ, ಒಂದೂ ಕುಲುಕಿಲ್ಲದೆ ಹೋಯಿತು. ಮೇಷ್ಟ್ರ ಕಾಲು ಸೀಟಿನ ಮೇಲೆ ಜೋಮು ಹಿಡಿದಿತ್ತು. ಅದಕ್ಕೆ ಇಂಥ ಸಂತೋಷವೂ ಇಂಥ ನಿರುದ್ಯೋಗವೂ ಹಿಂದೆಂದೂ ಒಟ್ಟಿಗೆ ಬಂದಿರಲಿಲ್ಲ. ಆ ವಾರದೊಳಗೆ ಏರಿನ ಪಾಠವೂ ಆಯಿತು: ಹ್ಯಾಂಡ್ ಬ್ರೇಕ್ ಎಳೆದಿಟ್ಟೇ ನಡುಕ ಬರುವವರೆಗೆ ಕ್ಲಚ್ ಬಿಡು, ತುಸು ಆಕ್ಸಿಲರೇಟರ್ ಕೊಡು, ಆಮೇಲೆ ಬ್ರೇಕ್ ಇಳಿಸು.

ಹನ್ನೊಂದನೆಯ ದಿನ ನರ್ಸಮ್ಮ, ನೀವು ಬರಬೇಡಿ ಎಂದು ಕಡ್ಡಿ ಮುರಿದಂತೆ ಹೇಳಿ ಹೋದರು. ಮಧ್ಯಾಹ್ನ ಫೋನಿನಲ್ಲಿ, ಆಯಿತು, ನಾಳೆಯಿಂದ ಕೆಲಸ, ಎಂದರು. ಮೇಷ್ಟ್ರು ಕೆಳಗಿಳಿದು, ಬಿಳಿ ಕಾರಿನ ಎರಡನೇ ಕ್ಲಚ್ಚಿನ ಕಡ್ಡಿಯನ್ನು ಬಿಚ್ಚಿಸಿಬಿಟ್ಟರು. ಬ್ರೇಕನ್ನು ಉಳಿಸಿಕೊಂಡರು, ಪ್ರಾಣದ ಮೇಲೆ ಆಸೆ ಇರುವ ಮನುಷ್ಯ. ಅಂದು ಸಂಜೆಯ ವಿದ್ಯಾರ್ಥಿ ಟೈರ್ ಅಂಗಡಿಯ ಮುಂದೆಯೇ ಆರು ಸಲ ಕುಪ್ಪಳಿಸಿದ. ಅಂಗಡಿಯವರು ಕೆಲಸ ಬಿಟ್ಟು ಹೊರಬಂದು ನೋಡಿದರು.

ಮಾರನೆಯ ಸಂಜೆ ನರ್ಸಮ್ಮ ಊಟಕ್ಕೆ ಕೂತು ಎಂಟು ಮನೆಯ ಸಮಾಚಾರ ಹೇಳಿದರು. ಒಬ್ಬಾಕೆಯ ಕಾಲಿನ ಹುಣ್ಣು ಮಾಯುತ್ತಿದೆ, ಒಬ್ಬ ಮುದುಕ ಪಟ್ಟಿಗಿಂತ ಮಾತಿಗೇ ಕಾದಿದ್ದ. ಮೇಷ್ಟ್ರು ಕೇಳಬೇಕೆಂದಿದ್ದನ್ನು ನುಂಗಿಕೊಂಡೇ ಕೂತಿದ್ದರು.

‘ನಾಲ್ಕನೇ ಮನೆ ಹತ್ರ ಏರಲ್ಲಿ ಎರಡು ಸಲ ಆಫ್ ಆಯ್ತು. ಹಿಂದೆ ಲಾರಿ. ಹಾರ್ನ್ ಹೊಡೀತಾನೇ ಇದ್ದ’ ಎಂದರು ನರ್ಸಮ್ಮ, ಸಾರು ಬಡಿಸಿಕೊಳ್ಳುತ್ತಾ.

ಹದಿನಾಲ್ಕು ವರ್ಷದ ಹಿಂದೆ ಕಾರಿನಿಂದಿಳಿದು ಕೀ ಹಿಡಿದು ಸುತ್ತಿ ಬಂದಿದ್ದ ಹೆಂಡತಿ ಮೇಷ್ಟ್ರ ಕಣ್ಣೆದುರಿಗೆ ಬಂದರು. ‘ಆಮೇಲೆ?’

‘ಆಮೇಲೇನು? ಮತ್ತೆ ಸ್ಟಾರ್ಟ್ ಮಾಡ್ದೆ.’

ಇಪ್ಪತ್ತೆರಡು ವರ್ಷದಲ್ಲಿ ಅವರ ಯಾವ ವಿದ್ಯಾರ್ಥಿಯೂ ಅವರಿಗೆ ಈ ಮಾತು ಹೇಳಿರಲಿಲ್ಲ. ಹೇಳುವ ಸಂದರ್ಭವನ್ನೇ ಅವರು ಯಾರಿಗೂ ಕೊಟ್ಟಿರಲಿಲ್ಲ. ಮೇಷ್ಟ್ರು ಒಂದು ಗಾದೆಗಾಗಿ ತಡಕಾಡಿದರು, ಸಿಗಲಿಲ್ಲ. ಇನ್ನೊಂದು ಸಲ ಹೇಳು ಎಂದು ಕೇಳಿದರು. ನರ್ಸಮ್ಮ ಹೇಳಿದರು.